ಹಂಪಿ ಸ್ವಾಮಿ ಹೆಸರಿನವರು

"ಅಲ್ಲಿ ಜ್ವಾಳ ಬೆಳೆಯಂಗಿಲ್ಲ. ಕಬ್ಬು, ತೆಂಗು, ಗೆಣಸು, ಅಷ್ಟ," ಎಂದ ಪಕ್ಕೀರಪ್ಪ. ಫಿಜಿ ದ್ವೀಪದಲ್ಲಿ ಹತ್ತು ವರ್ಷ ಕಬ್ಬು ಕಡಿದು ಅವನು ಕಂಪ್ಲಿಗೆ ಮರಳಿ ಮೂರು ದಿನವಾಗಿತ್ತು. ಬೆಲ್ಲದ ಗಾಣದ ಮುಂದಿನ ಬೇವಿನ ನೆರಳಲ್ಲಿ ಅರ್ಧ ಊರೇ ಅವನ ಸುತ್ತ ಕೂತಿತ್ತು. ಕಡಿಯಲು ಕಂಪ್ಲಿಯಲ್ಲಿ ಕಬ್ಬಿರಲಿಲ್ಲವೇ ಎಂದು ಯಾರೂ ಕೇಳಲಿಲ್ಲ. ಸಮುದ್ರ ದಾಟಿ ಬಂದವನಿಗೆ ಅಂಥ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ.

"ಅಲ್ಲಿ ಮಂದಿ ಭಾಳ ಎತ್ತರ. ತಲಿಗೂದಲು ಪುಟ್ಟಿ ಹಂಗ. ಮನಿಗೆ ಹೋದ್ರ ಕಟಿಗಿ ಪರಾತದಾಗ ಒಂದು ಬೇರಿನ ಪುಡಿ ನೀರಾಗ ಕಲಸಿ ತೆಂಗಿನ ಚಿಪ್ಪಿನಾಗ ಕೊಡ್ತಾರ. ನಾವು ಕುಡುದ್ರ ಅವರು ಚಪ್ಪಾಳಿ ಹೊಡೀತಾರ. ನಾಲಿಗಿ ಜೋಮು ಹಿಡೀತೈತಿ."

ಎಲ್ಲರೂ ನಕ್ಕರು. ಕಬ್ಬಿನ ಸಿಪ್ಪೆ ಆಯುವ ನೆವದಲ್ಲಿ ಹಿಂದೆ ನಿಂತಿದ್ದ ಹೊಳೆಮ್ಮ ನಗಲಿಲ್ಲ. ಅವಳ ಗಂಡನೂ ಅದೇ ದ್ವೀಪಕ್ಕೆ ಹೋದವನು. ಉಪ್ಪು ಹೆಚ್ಚಾದ ಸಾರಿನ ಜಗಳವನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಕಡ್ಡಿಯಷ್ಟಿದ್ದುದನ್ನು ಗುಡ್ಡ ಮಾಡಿದ್ದರು. "ಕಾಗದ ಹಾಕಿ ಕರದ್ರ ಬರ್ತೀನಿ, ಇಲ್ಲಂದ್ರ ಇಲ್ಲ" ಎಂದು ಅವನು ತನ್ನೂರು ದರೋಜಿಯಿಂದ ನೆಟ್ಟಗೆ, ದ್ವೀಪಕ್ಕೆ ಆಳು ಕಳಿಸುವ ಕೂಲಿ ಡಿಪೋಗೆ ನಡೆದಿದ್ದ. ಅವಳು ಕಂಪ್ಲಿಯ ತವರಿಗೆ ಬಂದಳು. ಡಿಪೋದವರು ಕೊಟ್ಟ ಚೀಟಿಯಲ್ಲಿ ತೋಟದ ಹೆಸರಷ್ಟೇ ಇತ್ತು. ಅದನ್ನು ಹಿಡಿದು ಪ್ರತಿ ವರ್ಷ ಅಂಚೆ ಕಟ್ಟೆಯ ಮಾಸ್ತರರಿಂದ ಒಂದು ಕಾಗದ ಬರೆಸಿದಳು. ಒಂಬತ್ತು ಕಾಗದಗಳಲ್ಲೂ ಇದ್ದದ್ದು ಒಂದೇ ಮಾತು, ಬರ್ರಿ. ಉತ್ತರ ಬರಲಿಲ್ಲ.

"ಅಣ್ಣಾ, ದರೋಜಿಯವರು ಯಾರರ ಇದ್ರೇನು ಅಲ್ಲಿ?"

"ಒಬ್ಬ ಇದ್ದ, ಪಂಪಣ್ಣ ಅಂತ. ನಮ್ಮ ಪಕ್ಕದ ಖೋಲ್ಯಾಗ."

ಹೊಳೆಮ್ಮ ಸೆರಗೆಳೆದುಕೊಂಡಳು. "ಆರಾಮ ಅದಾರೇನು?"

"ಆರಾಮ ಅದಾನ. ಮೊದಲು ಅವನಿಗೆ ಕಾಗದದ ಹುಚ್ಚು ಇತ್ತವ್ವ. ಟಪಾಲು ಬಂದ ದಿನ ನಮ್ಮ ಮೇಸ್ತ್ರಿ ಸರದಾರ ಹೆಸರು ಕೂಗೋವಾಗ ಎಲ್ಲಾರಕಿಂತ ಮುಂದ ನಿಲ್ತಿದ್ದ. ಒಂದೂ ಬರಲಿಲ್ಲ. ವರ್ಷಾ ಯಾರೋ ವಿರುಪಣ್ಣಗ ಒಂದು ಬರೋದು. ಆ ಹೆಸರಿನಾಂವ ನಮ್ಮಲ್ಲಿ ಇರಲೇ ಇಲ್ಲ, ಸರದಾರ ಒಲಿಗೆ ಹಾಕ್ತಿದ್ದ. 'ಪುಣ್ಯವಂತ, ಯಾವಾಕಿನೋ ಬಿಡದ ಬರೀತಾಳ' ಅಂತಿದ್ದ ಪಂಪಣ್ಣ. ಆರು ವರ್ಷ ಕಾದ. ಆಮ್ಯಾಲೆ ಅಲ್ಲೇ ತೆಲುಗರಾಕಿನ ಕಟಿಗೊಂಡ. ಎರಡು ಮಕ್ಕಳು. ನಾ ಹಡಗು ಹತ್ತೋವಾಗ ಬಾರಲೇ ಅಂದ್ರ, 'ಯಾರು ಕರದಾರ ಅಂತ ಬರ್ಲಿ' ಅಂದ."

ಸಿಪ್ಪೆಯ ಹೊರೆಯನ್ನು ಅಲ್ಲೇ ಬಿಟ್ಟು ಹೊಳೆಮ್ಮ ಅಂಚೆ ಕಟ್ಟೆಗೆ ಬಂದಳು.

"ಮಾಸ್ತರ್ರೀ, ನನ್ನ ಕಾಗದದ ಮ್ಯಾಲೆ ಏನು ಹೆಸರು ಬರದೀರಿ?"

ಒಳಗೆ 'ಯಜಮಾನರಿಗೆ ಸಾಷ್ಟಾಂಗ' ಎಂದಿರುತ್ತಿತ್ತು. ಹೆಸರು ಬೇಕಾಗುತ್ತಿದ್ದುದು ಮೇಲಿನ ಇಂಗ್ಲಿಷ್ ವಿಳಾಸಕ್ಕೆ ಮಾತ್ರ.

"ನೀನ ಹೇಳಿದ್ದಲ್ಲವ್ವ. ಹಂಪಿ ಸ್ವಾಮಿ ಹೆಸರಿನವರು ಅಂತ. ವಿರುಪಣ್ಣ."

ಹೌದು, ಅವಳೇ ಹೇಳಿದ್ದಳು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆಂದು ಕೈಯನ್ನು ಹಂಪಿಯ ಕಡೆ ತೋರಿಸಿದ್ದಳು. ಆ ಸ್ವಾಮಿ ವಿರೂಪಾಕ್ಷನೂ ಹೌದು, ಪಂಪಾಪತಿಯೂ ಹೌದು. ದೇವರಿಗೆ ಎರಡು ಹೆಸರಿದ್ದರೆ ನಡೆಯುತ್ತದೆ.

"ಸ್ವಾಮಿಗೆ ಇನ್ನೊಂದು ಹೆಸರೈತಲ್ರಿ," ಎಂದಳು ಹೊಳೆಮ್ಮ.

ಮಾಸ್ತರರ ಕೈಯಲ್ಲಿದ್ದ ಲೇಖನಿ ನಿಂತಿತು. ಅವಳ ಮುಖ ನೋಡದೆ ಹೊಸ ಹಾಳೆ ತೆಗೆದರು.

"ಪಂಪಣ್ಣ ಅಲ್ಲೇನವ್ವ?"

ಅವಳು ಹೌದೆಂದು ತಲೆಯಾಡಿಸಿದಳು.

"ಈಗ ಸರಿಯಾಗಿ ಹಾಕ್ತೀನಿ. ಬರ್ರಿ ಅಂತ ಬರೀಲೇನು?"

"ಬ್ಯಾಡ್ರಿ. ಅಲ್ಲಿ ಮಕ್ಕಳದಾವು."

"ಮತ್ತೇನು ಬರೀಲಿ?"

ಒಂಬತ್ತು ವರ್ಷ ಒಂದೇ ಮಾತು ಹೇಳಿದವಳಿಗೆ ಎರಡನೆಯದು ಬೇಗ ಬರಲಿಲ್ಲ.

"ಆ ವಿರುಪಣ್ಣನ ಕಾಗದ ಎಲ್ಲಾ ಅವರಿಗೇ ಬರಸಿದ್ದು ಅಂತ ಬರೀರಿ. ಅಷ್ಟ ಸಾಕು."

ಮಾಸ್ತರರು ಬರೆದರು. ಒಂದೇ ಸಾಲು. ಶಾಯಿ ಆರುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು.