ಬತ್ತೆ ಅಂದವರು

"ಇವತ್ತಾರೂ ಒಂದ್ ಗಳ್ಗಿ ಸೊಂಟ ನೆಟ್ಟಗ್ ಮಾಡುಕೆ ಆತ್ತಾ?"

ಗುಲಾಬಿ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಅವಳ ಎದುರಿಗೆ ಇದ್ದದ್ದು ಒಲೆಯ ಮೇಲೆ ಕುದಿಯುತ್ತಿದ್ದ ಕುಚ್ಚಲಕ್ಕಿ ಗಂಜಿ ಒಂದೇ. ಅಷ್ಟರಲ್ಲಿ ಅಂಗಳದ ಗೇಟಿಗೆ ಕಟ್ಟಿದ್ದ ದನದ ಗಂಟೆ ಟಿಣ್ ಎಂದಿತು. ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಟ್ಟು ಓಡಿದಳು.

ಗೇಟಿನ ಬಳಿ ಗಂಡ ಶೇಖರ ನಿಂತಿದ್ದ. ಲುಂಗಿಯ ಮೇಲೆ ಮಿಲಿಟರಿಯ ಹಸಿರು ಸ್ವೆಟರು, ಕಾಲಲ್ಲಿ ಫಳಫಳ ಹೊಳೆಯುವ ಬೂಟು.

"ಗೇಟ್ ತೆಗಿ. ಬಸ್ ಬಪ್ಪು ಹೊತ್ತಾಯ್ತ್."

"ಯಾವ ಬಸ್ ಹ್ವಾಯ್? ಗಂಜಿ ಆಯಿತ್ತ್, ಬನ್ನಿ, ಉಂಬ್ರಿಯಂತೆ."

"ನಾ ಹೋಪುದ್ ತಡುಕೆ ನೀ ಯಾರ್?"

ಗುಲಾಬಿ ಅವನ ಮೊಣಕೈ ಹಿಡಿದು ಮೆಲ್ಲಗೆ ತಿರುಗಿಸಿದಳು. ಗೇಟಿನಾಚೆ ನಡೆದರೆ ತಲ್ಲೂರಿನ ಹೆದ್ದಾರಿ. ಲಾರಿಗಳು ಯಾರಿಗೂ ಕಾಯುವುದಿಲ್ಲ. ಅವಳ ಹೆಸರು ಅವನ ಬಾಯಿಂದ ಬೀಳದೆ ಎಷ್ಟೋ ತಿಂಗಳಾಗಿತ್ತು. ಆದರೆ 'ನೀ ಯಾರ್' ಎಂದು ಗದರುವಾಗಲೂ ಅವನು 'ನೀ' ಎನ್ನುತ್ತಿದ್ದ. ಗುರುತಿಲ್ಲದ ಹೆಂಗಸಿಗೆ ಯಾರಾದರೂ 'ನೀ' ಎನ್ನುತ್ತಾರೆಯೇ? ಹೆಸರು ಹೋದರೇನು, ಆ ಒಂದಕ್ಷರ ಉಳಿದಿದೆಯಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಶೇಖರ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು. ಊರವರ ಬಾಯಲ್ಲಿ ಮಿಲ್ಟ್ರಿ ಶೇಖರಣ್ಣ. ಸರ್ವಿಸಿನಲ್ಲಿದ್ದಾಗ ಗುಡ್ಡದ ರಸ್ತೆಯಲ್ಲಿ ಟ್ರಕ್ಕು ಮಗುಚಿ ತಲೆಗೆ ಪೆಟ್ಟಾಗಿತ್ತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಮತ್ತೆ ಡ್ಯೂಟಿಗೆ ಹೋದ, ನಿವೃತ್ತನಾಗಿ ಮನೆಗೂ ಬಂದ. ಹಲವು ವರ್ಷ ಏನೂ ಇರಲಿಲ್ಲ. ಆಮೇಲೆ ಒಂದು ದಿನ ಸಂತೆಯಿಂದ ಬರುವ ದಾರಿ ತಪ್ಪಿತು. ಇನ್ನೊಂದು ದಿನ ಮಗಳ ಹೆಸರು ತಪ್ಪಿತು. ಮರೆವಿನ ಕಾಯಿಲೆ, ಹಳೆಯ ಪೆಟ್ಟಿನದೂ ಅದರಲ್ಲಿ ಪಾಲಿದೆ ಎಂದರು ಡಾಕ್ಟರು. ಊರು, ಮನೆ, ಹೆಂಡತಿ ಒಂದೊಂದಾಗಿ ಅಳಿಸಿಹೋಗಿ ಕೊನೆಗೆ ಅವನಲ್ಲಿ ಗಟ್ಟಿಯಾಗಿ ಉಳಿದದ್ದು ಮಿಲಿಟರಿ ಮಾತ್ರ.

ಗುಲಾಬಿ ಏನೂ ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ಹಗಲು ಹೊತ್ತು ನೋಡಿಕೊಳ್ಳಲು ವಂಡ್ಸೆಯ ಜಲಜಳನ್ನು ಗೊತ್ತು ಮಾಡಿದ್ದಳು. ಶೇಖರ ಗೇಟಿಗೆ ಅಡ್ಡ ನಿಂತು, "ಗೇಟ್ ಪಾಸ್ ಎಲ್ಲಿತ್ತ್?" ಎಂದು ಕೇಳಿದ. ಮರುದಿನವೂ ಅದೇ ಪ್ರಶ್ನೆ. "ನಂಗ್ ಪಾಸ್ ಸಿಕ್ಕುದಿಲ್ಲೆ ಅಕ್ಕಾ," ಎಂದು ಜಲಜ ಚೀಲ ಹೆಗಲಿಗೆ ಹಾಕಿ ನಕ್ಕಳು, "ನಾ ಬತ್ತೆ ಅಕಾ." ಹೋದವಳು ತಿರುಗಿ ಬರಲಿಲ್ಲ. ಯಡ್ತರೆಯಲ್ಲಿರುವ ಮಗಳು ಶರ್ಮಿಳಾ ಕೆಲವು ದಿನ ಅಪ್ಪನನ್ನು ತನ್ನ ಮನೆಯಲ್ಲಿಟ್ಟುಕೊಂಡಳು. ಮಧ್ಯಾಹ್ನ ಅವಳು ಪಾತ್ರೆ ತೊಳೆಯುವಷ್ಟರಲ್ಲಿ ಅವನು ರೈಲಿನ ಹಳಿಯ ಮೇಲೆ ಬಿರುಸಾಗಿ ನಡೆಯುತ್ತಿದ್ದ. ಯಾರೋ ಪುಣ್ಯಾತ್ಮರು ಹಿಡಿದು ನಿಲ್ಲಿಸಿದರು. ಅಲ್ಲಿಗೆ ಆ ದಾರಿಯೂ ಮುಗಿಯಿತು.

ಆಮೇಲೆ ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕೊಡ ಎತ್ತುವಾಗ ಗುಲಾಬಿಯ ಸೊಂಟ ಚಳಕ್ ಎಂದಿತು. ಅಲ್ಲೇ ಕುಸಿದಳು. ಶೇಖರ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಕೂಗಿಗೆ ಓಡಿ ಬಂದದ್ದು ಎದುರುಮನೆಯವರು. ಕುಂದಾಪುರದ ಡಾಕ್ಟರು, "ಈಗ ಮಲಗಿದರೆ ಎದ್ದೀರಿ, ಈಗ ಮಲಗದಿದ್ದರೆ ಮತ್ತೆ ಏಳುವುದಿಲ್ಲ," ಎಂದು ಖಡಾಖಂಡಿತವಾಗಿ ಹೇಳಿದರು. ಶರ್ಮಿಳಾ ಗಂಟುಮೂಟೆ ಕಟ್ಟಿಕೊಂಡು ಬಂದಳು. ಆದರೆ ಮಲಗಿದವಳನ್ನೂ ನಡೆಯುವವನನ್ನೂ ಒಬ್ಬಳೇ ನೋಡಿಕೊಳ್ಳುವುದು ಹೇಗೆ?

ಆಗ ಬಂದವನು ಪ್ರೇಮಾನಂದ. ಶೇಖರನ ಪಲ್ಟನಿನಲ್ಲೇ, ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗೆ, ನಾಯಕ್ ಆಗಿದ್ದವನು, ಈಗ ಹೆದ್ದಾರಿ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಗುಲಾಬಿಯನ್ನು ಮೊದಲಿನಿಂದ ಅತ್ತಿಗೆ ಎಂದೇ ಕರೆಯುವವನು.

"ಅತ್ಗಿ, ಬ್ರಹ್ಮಾವರದ ಹತ್ರ ಒಂದ್ ಮನಿ ಇತ್ತ್. ನಮ್ ಹಾಂಗಿನ್ ರಿಟೈರಾದವ್ರೇ ಸೇರಿ ಮಾಡದ್. ಎರಡ್ ವಾರ ಇಟ್ಕಂತ್ರ್, ಮತ್ತೆ ಕಳಿಸ್ತ್ರ್. ನೋಡ್ಕಂಬವ್ರಿಗ್ ಒಂಚೂರ್ ಉಸಿರ್ ಬಿಡುಕೆ."

ಗುಲಾಬಿ ಮಲಗಿದಲ್ಲಿಂದಲೇ ತಲೆ ಎತ್ತಿದಳು. "ಆಶ್ರಮಕ್ ಹಾಕುದಾ? ಬದ್ಕಿದ್ ಗಂಡನ್ನಾ?"

"ಹಾಕುದಲ್ಲ, ಮಾರಾಯ್ತಿ! ಕೇಣಿ ಇಲ್ಲಿ. ಸೆಂಟ್ರಿ ನಿಂತವ್ನಿಗೂ ಹೊತ್ತಾದ್ ಕೂಡ್ಲೆ ಬದ್ಲಿ ಬತ್ತ. ಅವ್ನ್ ಬಂದೂಕ್ ಇಳಿಸಿ ಹೋಯ್ ಮಲಗ್ತ. ಇಲ್ದಿರೆ ನಿಂತಲ್ಲೇ ಬೀಳ್ತ. ನಿಮ್ಗ್ ಇಷ್ಟ್ ವರ್ಷದಲ್ ಬದ್ಲಿಗ್ ಯಾರ್ ಬಂದಿರ್ ಹೇಳಿ?"

ಗುಲಾಬಿ ಗೋಡೆಯ ಕಡೆ ಮುಖ ತಿರುಗಿಸಿದಳು. ಯಾರೂ ಕೇಳದಿದ್ದ ಪ್ರಶ್ನೆ ಅದು.

"ವಾಪಾಸ್ ಬತ್ತ್ರ್ ಅಲ್ದಾ?" ಎಂದಳು ಗೋಡೆಗೇ.

"ನಾನೇ ಕರ್ಕಂಡ್ ಬತ್ತೆ ಅತ್ಗಿ. ಮಾತ್ ಮಾತೇ."

ಒಪ್ಪಿದ್ದೇನೋ ಆಯಿತು. ಆದರೆ ಅವನನ್ನು ಹೊರಡಿಸುವುದು ಹೇಗೆ? ಬಸ್ಸಿಗೆ ಹೋಗಬೇಕೆಂದು ದಿನವೂ ಗೇಟು ಅಲ್ಲಾಡಿಸುವವನು, ಕಾರಿನ ಬಾಗಿಲು ತೆರೆದು 'ಬನ್ನಿ' ಎಂದರೆ ಜಗಲಿಯ ಕಂಬ ಹಿಡಿದು ನಿಂತುಬಿಟ್ಟ. ಶರ್ಮಿಳಾ ಪುಸಲಾಯಿಸಿದಳು, ಪ್ರೇಮಾನಂದ ಗದರಿದ. ಕಂಬ ಬಿಡಿಸಲಾಗಲಿಲ್ಲ.

ಗುಲಾಬಿ ಮೆಲ್ಲಗೆ ಎದ್ದು ಬಂದಳು. ದೇವರಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಆ ದೀಪಕ್ಕೆ ಬೆನ್ನು ಹಾಕಿ ನಿಂತಳು. ಅದು ಕೇಳುವಂತೆ ಸುಳ್ಳು ಹೇಳುವುದು ಅವಳಿಂದಾಗದು.

"ಹ್ವಾಯ್," ಎಂದಳು, "ರಜೆ ಮುಗೀತಲೆ. ನಾಳೆ ಹಾಜರಾಯ್ಕ್ ಅಂದೇಳಿ ತಾರ್ ಬಂದಿತ್ತ್."

ಶೇಖರನ ಕೈ ಕಂಬವನ್ನು ಬಿಟ್ಟಿತು. ಬೆನ್ನು ನೆಟ್ಟಗಾಯಿತು. ಅಟ್ಟದಿಂದ ಕಪ್ಪು ಟ್ರಂಕು ಇಳಿಸಿದ್ದು ಅವನೇ, ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದ್ದೂ ಅವನೇ. ಗುಲಾಬಿ ಹಿಂದೆಲ್ಲ ಇಡುತ್ತಿದ್ದುದನ್ನೇ ಇಟ್ಟಳು: ತೆಂಗಿನೆಣ್ಣೆ, ಹಲಸಿನ ಹಪ್ಪಳ, ದೇವರ ಗಂಧದ ಸಣ್ಣ ಪೊಟ್ಟಣ. ಕೈ ಯಾವ ಕ್ರಮವನ್ನೂ ಮರೆತಿರಲಿಲ್ಲ.

ಹೊಸಿಲು ದಾಟುವ ಮೊದಲು ಅವನು ತಿರುಗಿದ. ಎಷ್ಟೋ ತಿಂಗಳ ಮೇಲೆ ಅವಳ ಮುಖವನ್ನು ನೇರವಾಗಿ ನೋಡಿದ.

"ಗುಲಾಬಿ," ಎಂದ. "ಬತ್ತೆ."

ಈ ಸೀಮೆಯಲ್ಲಿ ಹೊರಡುವವರು 'ಹೋತೆ' ಎನ್ನುವುದಿಲ್ಲ. ಅಂಗಡಿಗೆ ಹೋಗುವವರೂ 'ಬತ್ತೆ', ಗಡಿಗೆ ಹೋಗುವವರೂ 'ಬತ್ತೆ'. ಬರುತ್ತೇನೆ ಎಂದು ಹೇಳಿಯೇ ಹೋಗಬೇಕು. ಹೊಸಿಲ ಮೇಲೆ ನಿಂತು 'ಬತ್ತಿಲ್ಲೆ' ಎಂದವರನ್ನು ಯಾರೂ ಕಂಡಿಲ್ಲ. ಪ್ರತಿ ಸಲ ರಜೆ ಮುಗಿದಾಗಲೂ ಶೇಖರ ಆ ಒಂದೇ ಮಾತು ಹೇಳಿ ಹೋಗಿದ್ದ, ಪ್ರತಿ ಸಲವೂ ಅದನ್ನು ಉಳಿಸಿಕೊಂಡಿದ್ದ.

"ಹೋಯ್ ಬನ್ನಿ," ಎಂದಳು ಗುಲಾಬಿ. ನಿಜ ಹೇಳಿದ ದಿನಗಳಲ್ಲಿ ಸಿಗದ ಹೆಸರು ಸುಳ್ಳು ಹೇಳಿದ ದಿನ ಸಿಕ್ಕಿತು. ಕಾರು ತಿರುವು ದಾಟಿದ ಮೇಲೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

ಮೊದಲ ದಿನಗಳಲ್ಲಿ ಅವಳು ಬರೀ ನಿದ್ದೆ ಮಾಡಿದಳು. ಶರ್ಮಿಳಾ ಎಬ್ಬಿಸಿ ಉಣ್ಣಿಸಿದರೆ ಉಂಡು ಮತ್ತೆ ಮಲಗಿದಳು. ಸೊಂಟದ ನೋವು ಇಳಿಯುತ್ತ ಬಂತು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸಾವಕಾಶ ಬಿಸಿನೀರು ಹೊಯ್ದುಕೊಂಡಳು. ಹಾಗೆ ಸ್ನಾನ ಮಾಡಿ ಎಷ್ಟು ಕಾಲವಾಗಿತ್ತೋ! ತಲೆ ಒರೆಸಿಕೊಳ್ಳುವಾಗ ತಾನು ಭಜನೆ ಗುನುಗುತ್ತಿದ್ದೇನೆ ಎಂದು ಗೊತ್ತಾಗಿ ಕದಿಯುವಾಗ ಸಿಕ್ಕಿಬಿದ್ದವಳಂತೆ ಥಟ್ಟನೆ ಬಾಯಿ ಮುಚ್ಚಿದಳು.

"ಹಾಡ್ ಅಬ್ಬಿ," ಎಂದಳು ಶರ್ಮಿಳಾ ಹೊರಗಿನಿಂದ. "ಯಾರೂ ಬೈತಿಲ್ಲೆ."

"ಅಲ್ಲ ಹೆಣೆ, ಅವ್ರ್ ಅಲ್ಲಿ ಹ್ಯಾಂಗಿದ್ರೋ."

"ಪ್ರೇಮಣ್ಣ ದಿನಾ ಫೋನ್ ಮಾಡಿ ಕೇಂತ್ರಲ್ದಾ. ಆರಾಮಿದ್ರ್ ಅಂಬ್ರ್. ನೀ ಈಗ ಹೋಯ್ ಕಂಡ್ರೆ ಅಪ್ಪಯ್ಯ ಅಲ್ಲ್ ಹೊಂದ್ಕಂತ್ರಿಲ್ಲೆ."

ಮಧ್ಯಾಹ್ನ ಮಲಗಿದಾಗ ಗುಲಾಬಿಗೆ ತವರಿನ ಚಾವಡಿ ನೆನಪಾಗುತ್ತಿತ್ತು. ಮಳೆಗಾಲದಲ್ಲಿ ಅವಳ ಅಪ್ಪಯ್ಯ ರಾಗವಾಗಿ ಪುರಾಣ ಓದುತ್ತಿದ್ದರು. ಯುದ್ಧಕ್ಕೆ ಹೊರಟವರ ರಥಕ್ಕೆ, ಬಿಲ್ಲಿಗೆ, ಕುದುರೆಯ ಬಾಲಕ್ಕೆ ಕೂಡ ಪದ್ಯಗಳಿದ್ದವು. ಆರತಿ ಎತ್ತಿ ಕಳಿಸಿದ ಹೆಂಗಸಿಗೆ ಒಂದು ಸಾಲು. ಆ ಸಾಲು ಬಂದಾಗ ಅಪ್ಪಯ್ಯ ದನಿ ತಗ್ಗಿಸುತ್ತಿದ್ದರು, ಪುಟ ಮಗುಚುತ್ತಿದ್ದರು. ಹುಡುಗಿಯಾಗಿದ್ದ ಗುಲಾಬಿ ಕಾಯುತ್ತಿದ್ದಳು, ಆ ಹೆಂಗಸು ಆಮೇಲೆ ಎಂತ ಮಾಡಿತು? ಅದು ಎಲ್ಲೂ ಬರಲೇ ಇಲ್ಲ.

ಕೊನೆಕೊನೆಗೆ ಮನೆಯ ಮೌನ ಅವಳನ್ನು ತಿನ್ನತೊಡಗಿತು. ಗಾಳಿಗೆ ಗೇಟಿನ ಗಂಟೆ ಅಲ್ಲಾಡಿದರೆ ಸೌಟು ಬಿಟ್ಟು ಓಡುತ್ತಿದ್ದಳು. ಎರಡು ವಾರ ಕಳೆಯಿತೋ ಇಲ್ಲವೋ ಕೊಲ್ಲೂರಿನ ಪ್ರಸಾದದ ಕುಂಕುಮ ಇಟ್ಟುಕೊಂಡು, ಅವನಿಗಿಷ್ಟದ ಕಡುಬು ಕಟ್ಟಿಕೊಂಡು, ಪ್ರೇಮಾನಂದನ ಕಾರಿನಲ್ಲಿ ಬ್ರಹ್ಮಾವರದ ಕಡೆ ಹೊರಟಳು.

ಹಂಚಿನ ಮಾಡಿನ ಉದ್ದನೆಯ ಮನೆ ಅದು. ಜಗಲಿಯ ಬೆಂಚಿನಲ್ಲಿ ನಾಲ್ಕೈದು ವಯಸ್ಸಾದವರು ಕೂತಿದ್ದರು. ಶೇಖರ ನುಣ್ಣಗೆ ಗಡ್ಡ ಹೆರೆದು, ಬೂಟು ಹಾಕಿ, ಕಪ್ಪು ಟ್ರಂಕಿನ ಪಕ್ಕದಲ್ಲೇ ಕೂತಿದ್ದ. ಮುಖ ತಿಳಿಯಾಗಿತ್ತು. ಅಲ್ಲಿ ನೋಡಿಕೊಳ್ಳುವ ವಿನಯಾ ಎಂಬವಳು ನಗುತ್ತ, "ಒಂದ್ ದಿನ ಗಲಾಟಿ ಇಲ್ಲೆ ಅಮ್ಮ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹಾಜರ್," ಎಂದಳು. ಗುಲಾಬಿಗೆ ಸಂತೋಷವೂ ಆಯಿತು, 'ಹಾಜರ್' ಎಂಬ ಮಾತಿಗೆ ಅಳುಕೂ ಆಯಿತು.

ಅವಳು ಹತ್ತಿರ ಬಂದಾಗ ಶೇಖರ ಎದ್ದು ನಿಂತ. ಮರ್ಯಾದೆಯಿಂದ ಕೈಮುಗಿದ.

"ಯಾರ್ ಬೇಕಾಯಿತ್ತಮ್ಮ ನಿಮ್ಗೆ?"

ನಿಮ್ಗೆ. ಗುಲಾಬಿಯ ಕೈಯಲ್ಲಿದ್ದ ಬುತ್ತಿ ಭಾರವಾಯಿತು.

"ಹ್ವಾಯ್, ನಾನ್, ಕಾಣಿ. ಮನಿಗ್ ಹೋಪ. ಕರ್ಕಂಡ್ ಹೋಪುಕ್ ಬಂದದ್."

"ಮನಿಗಾ?" ಅವನು ನಕ್ಕ. "ರಜಿ ಮುಗ್ಸಿ ಬಂದದ್ದೇ ಮೊನ್ನೆ ಅಮ್ಮ. ಆಗ್ಳೇ ಮತ್ ರಜಿ ಯಾರ್ ಕೊಡ್ತ್ರ್?"

ಪ್ರೇಮಾನಂದ ಹೊಟ್ಟೆ ಒಳಗೆಳೆದು ಸೆಟೆದು ನಿಂತ. "ಹವಾಲ್ದಾರ್ ಶೇಖರ್! ಛುಟ್ಟಿ ಮಂಜೂರ್!"

ಶೇಖರ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೀ ನಾಯಕ್ ಅಲ್ದನಾ ಪ್ರೇಮ? ನಂಗ್ ರಜಿ ಕೊಡುಕೆ ನೀ ಯಾವಾಗ ಸಾಹೇಬ ಆದೆ, ಮಾರಾಯ?"

ಬೆಂಚಿನ ಮೇಲಿದ್ದವರು ಹೋ ಎಂದು ನಕ್ಕರು. ಪ್ರೇಮಾನಂದ ತಲೆ ತಗ್ಗಿಸಿದ. ಶೇಖರನಿಗೆ ಅವನ ಹೆಸರು ನೆನಪಿತ್ತು, ರ‍್ಯಾಂಕು ನೆನಪಿತ್ತು.

"ರಜಿ ಮುಗ್ದದ್ ಅಂದದ್ ಸುಳ್ಳ್," ಎಂದಳು ಗುಲಾಬಿ. "ನಾನೇ ಹೇಳದ್. ತಾರ್ ಬರ್ಲಿಲ್ಲೆ, ಎಂತದೂ ಬರ್ಲಿಲ್ಲೆ. ನಂಗ್ ಸೊಂಟ ನೋವ್, ಆತಿರ್ಲಿಲ್ಲೆ, ಅದ್ಕೆ ಹೇಳ್ದೆ."

ಸೊಂಟ ಎಂದದ್ದೇ ಅವನ ಹುಬ್ಬು ಗಂಟಿಕ್ಕಿತು. ಏನೋ ಹೊಳೆದಂತೆ ಅವಳನ್ನು ಬೆಂಚಿನಿಂದ ಆಚೆ ಕರೆದು ದನಿ ತಗ್ಗಿಸಿದ.

"ನೀವ್ ತಲ್ಲೂರ್ ಬದಿಯವ್ರಾ? ಅಲ್ಲ್ ನಮ್ ಗುಲಾಬಿ ಅಂದೇಳಿ ಇತ್ತ್. ಕಂಡ್ರೆ ಒಂದ್ ಮಾತ್ ಹೇಳಿ, ಅಕಾ? ಬಾವಿಯಿಂದ ನೀರ್ ಎತ್ತುದ್ ಬ್ಯಾಡ ಅಂದೇಳಿ. ಅದ್ ಬಿದ್ದಿತ್ತ್. ನಾ ಅಲ್ಲೇ ಇದ್ದಿದ್ದೆ. ಹಿಡುಕೆ ಕೈ ಬರ್ಲಿಲ್ಲೆ ನಂಗೆ."

ಗುಲಾಬಿ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಅವನ ಎರಡೂ ಕೈ ಹಿಡಿದಳು.

"ಗುಲಾಬಿಯೇ ಕಳಿಸದ್ ನನ್ನ. ಅದ್ಕ್ ಈಗ ಸೊಂಟ ಆರಾಮಿತ್ತ್. ನಿಮ್ಮನ್ನೇ ಕಾಯ್ತಾ ಇತ್ತ್. ಹೊರಡುವತ್ತಿಗೆ ಬತ್ತೆ ಅಂದಿದ್ರಿ ಅಲ್ದಾ? ಅದ್ಕಾಯ್ ಬನ್ನಿ. ಒಂದೇ ಒಂದ್ ಸಲ ಬನ್ನಿ."

ಶೇಖರ ತನ್ನ ಕೈಗಳನ್ನು ಒಂದೊಂದಾಗಿ, ಅವಳಿಗೆ ನೋವಾಗದ ಹಾಗೆ ಬಿಡಿಸಿಕೊಂಡ. ಟ್ರಂಕಿನ ಪಕ್ಕಕ್ಕೆ ಹೋಗಿ ಮೊದಲಿನಂತೆ ನೆಟ್ಟಗೆ ಕೂತ.

"ಇಲ್ಲೆ ಅಮ್ಮ," ಎಂದ. "ನಾ ಬತ್ತಿಲ್ಲೆ."