ಖಾಲಿ ಪಟ್ಟಿ

"ಮೇಷ್ಟ್ರೇ, ಕಂಪೈಲರು ಮತ್ತೆ ಕೂತ್ಬಿಡ್ತು," ಎಂದಳು ಪಕ್ಕದ ಮೇಜಿನ ಪರೀಕ್ಷಕಿ. "ಇಪ್ಪತ್ತು ನಿಮಿಷ ಆಯ್ತು. ಹೂಂ ಅನ್ನಲ್ಲ, ಉಹೂಂ ಅನ್ನಲ್ಲ."

ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಆ ಕಂಪೈಲರಿನಲ್ಲಿ ಷರತ್ತು ಹುಡುಕುವ ಭಾಗ ಬರೆದವನು ಅವನೇ. ಅದಕ್ಕೇ ಆಫೀಸಿಗೆಲ್ಲ ಅವನು ಷರತ್ತಿನ ಮೇಷ್ಟ್ರು. ಮಾಹಿತಿ ತುಂಬಿಟ್ಟ ಡಬ್ಬಿಯನ್ನು ಪರದೆಯ ಮೇಲೆ ತೋರಿಸುವ ಕೋಡು ನೀನೇ ಬರೆದುಕೋ ಎಂದು ಒಂದು ಪದ ಹಾಕಿದರೆ ಸಾಕು, ಕಂಪೈಲರು ಬರೆದುಕೊಳ್ಳುತ್ತದೆ. ಆದರೆ ಒಳಗಿನ ವಸ್ತುವನ್ನು ತೋರಿಸಲು ಬಂದರೆ ಮಾತ್ರ ಡಬ್ಬಿಯನ್ನು ತೋರಿಸಲು ಬಂದೀತು. ಆ 'ಬಂದರೆ'ಯನ್ನು ಹುಡುಕುವುದೇ ಅವನ ಕಸುಬು.

ಇವತ್ತಿನವು ಮರ, ತೋಪು ಎಂಬ ಎರಡು ಟೈಪು, ಅಂದರೆ ಎರಡು ಬಗೆಯ ಡಬ್ಬಿ. ಮರದೊಳಗೆ ಒಂದು ವಸ್ತು, ಜೊತೆಗೆ ಅದರ ಸಸಿಗಳ ತೋಪು. ತೋಪಿನೊಳಗೆ ಮತ್ತೆ ಮರ. ಮರವನ್ನು ಕೇಳಿದರೆ ಮೊದಲು ತೋಪಿನ ಷರತ್ತು ಗೊತ್ತಾಗಲಿ ಎನ್ನುತ್ತದೆ, ತೋಪು ಮೊದಲು ಮರದ್ದು ಎನ್ನುತ್ತದೆ.

"ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ," ಎಂದು ಅವಳು ನಕ್ಕಳು.

ಅವನಿಗೆ ನಗು ಬರಲಿಲ್ಲ. ಅಮ್ಮ ತೀರಿಕೊಂಡಾಗ ತಂಗಿಯೊಡನೆ ಆದ ಜಗಳಕ್ಕೆ ಎರಡು ವರ್ಷ. ಅವಳೇ ಮೊದಲು ಮಾತಾಡಲಿ ಎಂದು ಇವನು; ಅಣ್ಣನೇ ಮೊದಲು ಮಾತಾಡಲಿ ಎಂದು ಅವಳು. ನಡುವೆ ಚಿಕ್ಕಮ್ಮ ಓಡಾಡಿ ಸೋತಿದ್ದರು. ಈಗ ಅವನ ಮನೆಯಲ್ಲಿ ಮನುಷ್ಯರ ದನಿ ಕೇಳಬೇಕಾದರೆ ರೇಡಿಯೋ ಹಾಕಬೇಕು.

"ಮೊದಲನೇ ಸುತ್ತಿಗೆ ಎರಡಕ್ಕೂ ಯಾವ ಷರತ್ತೂ ಬೇಡ ಅಂದ್ಕೊಳ್ಳೋಣ," ಎಂದ ಕೊನೆಗೆ. "ಬೇಕಾದ್ದು ಆಮೇಲೆ ಸೇರ್ಕೊಳ್ಳುತ್ತೆ."

ಎರಡರ ಷರತ್ತಿನ ಪಟ್ಟಿಯನ್ನೂ ಖಾಲಿ ಮಾಡಿ ಕಂಪೈಲರನ್ನು ಓಡಿಸಿದ. ಮೊದಲ ಸುತ್ತಿನಲ್ಲಿ ಮರಕ್ಕೆ ಒಂದು ಷರತ್ತು ಸೇರಿತು: ಒಳಗಿನ ವಸ್ತುವನ್ನು ತೋರಿಸಲು ಬರಬೇಕು. ಎರಡನೆಯದರಲ್ಲಿ ತೋಪಿಗೂ ಅದೇ. ಮೂರನೆಯದರಲ್ಲಿ ಏನೂ ಬದಲಾಗಲಿಲ್ಲ, ಅಲ್ಲಿಗೆ ಮುಗಿಯಿತು.

"ಇಷ್ಟೇನಾ?"

"ಇಷ್ಟೇ."

ಪರೀಕ್ಷಕಿ ಊಟಕ್ಕೆ ಹೋದಳು. ಯಾರೂ ಇಲ್ಲದ ಕೋಣೆಯಲ್ಲಿ ಅವನು ತಂಗಿಯ ನಂಬರು ಒತ್ತಿದ.

"ಹಲೋ, ಯಾರು?"

ನಂಬರನ್ನೇ ಅಳಿಸಿಹಾಕಿದ್ದಾಳೆ.

"ನಾನು ಕಣೇ, ಅಣ್ಣ."

ಆ ಕಡೆ ಸುರಿಯುತ್ತಿದ್ದ ನಲ್ಲಿ ನಿಂತಿತು.

"ಊಟ ಆಯ್ತಾ?" ಎಂದಳು ತಂಗಿ.

"ಆಯ್ತು."

"ಸುಳ್ಳು. ತಿನ್ನು, ನಾನು ಲೈನಲ್ಲೇ ಇರ್ತೀನಿ."

ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಬೆಳಗ್ಗೆ ತಂದಿಟ್ಟಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದ.