ನಾಲ್ಕನೆಯ ಬದಿ

ಹೆಣದ ಬಲಗೈಗೆ ನೀರು ಹುಯ್ಯುತ್ತಿದ್ದ ಓಬಳೇಶನ ಚೆಂಬು ಅರ್ಧದಲ್ಲೇ ನಿಂತಿತು. ಅವನಿಗೆ ಕೆಲಸ ಕಲಿಸಿದ ಮೂರ್ತಪ್ಪನ ಹೆಬ್ಬೆರಳ ಮೇಲೆ ಹೊಸ ಗಾಯವೊಂದಿತ್ತು. ನಿನ್ನೆ ಸಂಜೆ, ಹಿರಿಯೂರಿನ ಹೆದ್ದಾರಿ ಪಕ್ಕದ ತಗಡು ಕೊರೆಯುವ ಶೆಡ್ಡಿನಲ್ಲಿ ಅವನೊಬ್ಬನನ್ನೇ ಬಿಟ್ಟು ಬರುವಾಗ ಆ ಗಾಯ ಇರಲಿಲ್ಲ.

"ಹುಯ್ಯಲೇ, ಯಾಕ್ ನಿಂತೆ?" ಎಂದ ಮೂರ್ತಪ್ಪನ ಬಾಮೈದ ಕಾಟಲಿಂಗಪ್ಪ. "ರಾತ್ರಿ ಎಂಟು ಗಂಟೇಗೆ ಬೆವತ್ಕಂಡು ಮನೀಗ್ ಬಂದ್ನಂತೆ. ಬೆಳಕು ಹರಿಯೋದ್ರೊಳಗೆ ಎದೆ ನಿಂತೋತು. ಮಿಷಿನ್ನಾಗೆ ಏನೋ ಆಗಿ ಬೆಚ್ಚಿರ್ಬೇಕು. ಬೋಲ್ಟಿಲ್ಲ, ಕ್ಲ್ಯಾಂಪಿಲ್ಲ, ಗಾಳಿ ನಂಬ್ಕಂಡು ತಗಡು ಕೊರೀತೀರಲ್ಲ, ನಿಮಗೇನನ್ಬೇಕು!"

ಓಬಳೇಶ್ ಮತ್ತೆ ಚೆಂಬು ಬಗ್ಗಿಸಿದ. ನಿನ್ನೆಯ ತಗಡನ್ನು ಕೂರಿಸಿದವನು ಅವನೇ.

* * *

ಆರು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಮೋಟಾರ್ ಸ್ಟಾರ್ಟರ್ ಪೆಟ್ಟಿಗೆಗಳ ಮುಂಭಾಗಕ್ಕೆ ಅಕ್ಷರ ಕೊರೆಯುವ ಕೆಲಸ ಬಂದಿತ್ತು. ತೆಳು ಅಲ್ಯೂಮಿನಿಯಂ ತಗಡನ್ನು ಕ್ಲ್ಯಾಂಪಿನಲ್ಲಿ ಬಿಗಿದರೆ ನಡು ಉಬ್ಬಿ, ಕಟರಿಗೆ ಸಿಕ್ಕಿ ಹರಿಯುತ್ತಿತ್ತು. ಮೂರ್ತಪ್ಪ ಗುಜರಿಯಿಂದ ಹಾಲು ಕರೆಯುವ ಯಂತ್ರದ ಪಂಪನ್ನೂ ಲಾರಿ ಬ್ರೇಕಿನ ಗಾಳಿ ಟ್ಯಾಂಕನ್ನೂ ಹೊತ್ತು ತಂದ. ಯಂತ್ರದ ಉಕ್ಕಿನ ಹಾಸಿನಲ್ಲಿ ತೋಡು ಕೊರೆದು, ಸುತ್ತ ರಬ್ಬರ್ ಹುರಿ ಕೂರಿಸಿದ. ಪಂಪು ಅಡಿಯ ಗಾಳಿಯನ್ನು ಎಳೆದುಕೊಂಡರೆ ತಗಡು ಹಾಸಿನ ಮೇಲೆ ಕಚ್ಚಿ ಕೂರುತ್ತಿತ್ತು. ಎಲ್ಲೂ ಸೋರದಿದ್ದರೆ, ಪಂಪು ನಿಂತ ಮೇಲೂ ಟ್ಯಾಂಕು ಆ ಹಿಡಿತವನ್ನು ಬಹಳ ಹೊತ್ತು ಉಳಿಸುತ್ತಿತ್ತು.

"ಮ್ಯಾಗಿನ ಗಾಳೀನೇ ಒತ್ತಿ ಹಿಡಿಯುತ್ತೆ ಕಣೋ," ಎಂದಿದ್ದ. "ಆದ್ರೆ ಹುರಿ ಮ್ಯಾಲೆ ಸಾಸಿವೆಯಷ್ಟು ಲೋಹದ ಚೂರು ಕುಂತ್ರೂ ಕೈ ಬಿಡುತ್ತೆ. ನಾಲ್ಕೂ ಬದಿ ಬೆರಳಾಡ್ಸು. ನೋಡಿದ ಒಂದೊಂದು ಬದಿಗೂ ಗೆರೆ ಎಳಿ."

ಓಬಳೇಶ್ ಹಾಸಿನ ಅಂಚಿಗೆ ಬಿಳಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಮೂರ್ತಪ್ಪನದು ಯಾವಾಗಲೂ ಕೆಂಪು.

ನಿನ್ನೆ ಓಬಳೇಶನಿಗೆ ಚಿತ್ರದುರ್ಗದ ಸಂಜೆ ಕ್ಲಾಸಿನಲ್ಲಿ ಪರೀಕ್ಷೆಯಿತ್ತು. ಬಸ್ಸಿನ ಹಾರ್ನು ಕೇಳಿ, ತಗಡನ್ನು ಹಾಸಿನ ಮೇಲಿಟ್ಟು ಓಡಿದ್ದ. ಮೂರು ಗೆರೆ ಎಳೆದದ್ದು ನೆನಪಿತ್ತು. ನಾಲ್ಕನೆಯದು ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

* * *

ಮಣ್ಣು ಮಾಡಿ, ವೇದಾವತಿಯಲ್ಲಿ ಮುಳುಗಿ, ಒದ್ದೆ ತಲೆಯಲ್ಲೇ ಬಂದು ಮನೆಯ ದೀಪ ನೋಡಿದರು. ಗೋಡೆಗೊರಗಿ ಕುಳಿತಿದ್ದ ಮೂರ್ತಪ್ಪನ ಹೆಂಡತಿ ಪಾರ್ವತಮ್ಮನ ಎದುರು ಓಬಳೇಶ್ ಕುಕ್ಕರಿಸಿದ.

"ಅಕ್ಕಾ, ಅಣ್ಣನ ಹೆಬ್ಬೆಟ್ಟಿಗೆ ಏಟು…"

"ಮಚ್ಚು ತಾಗ್ಸಿಕಂಡ್ರಪ್ಪ. ಮನೀಗ್ ಬಂದು, ಎದೆ ಹಿಡ್ಕಂಡೈತೆ ಅನ್ಕಂತಾನೇ ತೆಂಗಿನಕಾಯಿ ಸುಲಿಯೋಕ್ ಕುಂತ್ರು. ಬೈದೆ. ಕೇಳೋ ಮನುಷ್ಯನಾ?"

"ಶೆಡ್ಡಿನಾಗೆ ಏನಾರ ಆತು ಅಂದ್ರಾ?"

"ಏನೂ ಅನ್ಲಿಲ್ಲ. ಕೆಲ್ಸ ಅರ್ಧ ಉಳಿದೈತೆ, ನಾಳೆ ಓಬಳೇಶ್ ಮುಗಿಸ್ತಾನೆ ಅಂದ್ರು, ಅಷ್ಟೆ." ಗೂಡಿನಲ್ಲಿದ್ದ ಶೆಡ್ಡಿನ ಬೀಗದ ಕೈಯನ್ನು ಅವನ ಅಂಗೈಗೆ ಇಟ್ಟಳು.

ಗಾಯದ ಭಯ ಹೋಯಿತು. ಆದರೆ ಮೂರ್ತಪ್ಪ ಒಂದು ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ತಗಡು ಕಿತ್ತು ಹಾರಿದ್ದರಿಂದಲೇ ಬಿಟ್ಟು ಬಂದನೇ?

"ನಡಿ, ನೋಡೇ ಬಿಡಾಣ," ಎಂದು ಕಾಟಲಿಂಗಪ್ಪನೂ ಎದ್ದ.

ಶೆಡ್ಡಿನ ಬಾಗಿಲು ತೆಗೆದಾಗ ಓಬಳೇಶನಿಗೆ ಮೊದಲು ಒಳಗೆ ಕಾಲಿಡಲಾಗಲಿಲ್ಲ. ಪಂಪು ನಿಂತಿತ್ತು. ಕಟರ್ ಜೋಪಾನವಾಗಿ ಮೇಲೆತ್ತಿತ್ತು. ಅರ್ಧ ಕೊರೆದ ಅಕ್ಷರಗಳ ತಗಡು ಹಾಸಿನ ಮೇಲೆ ಇದ್ದಲ್ಲೇ ಇತ್ತು. ಟ್ಯಾಂಕಿನ ಮುಳ್ಳು ಇಳಿದಿದ್ದರೂ ಸೊನ್ನೆ ಮುಟ್ಟಿರಲಿಲ್ಲ.

"ಇದೇನಾ?" ಕಾಟಲಿಂಗಪ್ಪ ತಗಡಿನ ಅಂಚಿಗೆ ಉಗುರು ಕೊಟ್ಟು ಎತ್ತಿದ. ಕದಲಲಿಲ್ಲ. ಕಾಲೂರಿ ಎತ್ತಿದ. "ಥೂ, ಉಗುರು ಕಿತ್ತೋತು! ಬೆಸುಗೆ ಹಾಕೀರೇನ್ಲೇ?"

ಓಬಳೇಶನಿಗೆ ನಗು ಉಕ್ಕಿತು. ಸಾವಿನ ದಿನವೆಂಬುದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ. ಕೈಯ ಹಿಂದೆ ಉಸಿರು ಉದ್ದಕ್ಕೆ ಹೊರಬಂತು.

ಆಮೇಲೆ ಬಗ್ಗಿ, ಹಾಸಿನ ಸುತ್ತ ಬಂದ. ಒಂದು ಬಿಳಿ ಗೆರೆ. ಎರಡು. ಮೂರು.

ನಾಲ್ಕನೆಯ ಬದಿಯಲ್ಲಿ ಕೆಂಪು ಗೆರೆಯಿತ್ತು, ಅದರ ಪಕ್ಕ ಅದೇ ಸೀಮೆಸುಣ್ಣ ಮೆತ್ತಿದ ಹೆಬ್ಬೆರಳಿನ ಗುರುತು.